ಫೀಸಿನ ರಸೀದಿ ಹೇಳದ ಲೆಕ್ಕ



ಕೆಲವು ವರ್ಷಗಳ ಹಿಂದೆ ಕಾಲೇಜುಗಳು ಆರಂಭವಾಗುವ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಸಂಜೆ ಮನೆಗೆ ಬಂದರು. ವೃತ್ತಿಯಿಂದ ದರ್ಜಿ. ಅವರ ಕೈಯಲ್ಲಿ ಎರಡು ರಸೀದಿಗಳಿದ್ದವು. ಒಂದು, ಅನುದಾನಿತ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಹಿರಿಯ ಮಗನದು. ಇನ್ನೊಂದು, ಖಾಸಗಿ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ ಕಿರಿಯ ಮಗನದು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು, "ಮಾಸ್ಟರ್ ಸಾಬ್, ದೊಡ್ಡವನದು ಇಷ್ಟು ಕಮ್ಮಿ, ಚಿಕ್ಕವನದು ಇಷ್ಟು ಜಾಸ್ತಿ. ಕಮ್ಮಿ ಫೀಸಿನ ಕಾಲೇಜಿನಲ್ಲಿ ಪಾಠಾನೂ ಕಮ್ಮೀನಾ?" ಎಂದು ಕೇಳಿದರು.

ಪ್ರಶ್ನೆ ಸರಳವಾಗಿತ್ತು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಚಹಾ ಕುಡಿಸಿ ಕಳಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ಓದಿದಾಗ ತಿಳಿದದ್ದನ್ನು ಈ ಲೇಖನದಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ನಮ್ಮಲ್ಲಿ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಇಂಥ ರಸೀದಿ ಹಿಡಿದು ನಿಂತವರೇ ಆದ್ದರಿಂದ, ಈ ಇತಿಹಾಸ ನಮಗೆಲ್ಲರಿಗೂ ಸಂಬಂಧಿಸಿದ್ದು.

ಶುಲ್ಕ ಬೇರೆ, ಖರ್ಚು ಬೇರೆ

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಇದು ಕೇವಲ ಉದಾಹರಣೆಗಾಗಿ. ಒಂದು ಕಾಲೇಜಿನಲ್ಲಿ 500 ವಿದ್ಯಾರ್ಥಿಗಳಿದ್ದಾರೆ ಎಂದುಕೊಳ್ಳಿ. ಉಪನ್ಯಾಸಕರ ಸಂಬಳ, ಗುಮಾಸ್ತರು ಮತ್ತು ಜವಾನರ ಸಂಬಳ, ಪ್ರಯೋಗಾಲಯದ ಸಾಮಗ್ರಿ, ಗ್ರಂಥಾಲಯ, ವಿದ್ಯುತ್ತು, ನೀರು, ಕಟ್ಟಡದ ದುರಸ್ತಿ ಎಲ್ಲವೂ ಸೇರಿ ವರ್ಷಕ್ಕೆ 1 ಕೋಟಿ ರೂಪಾಯಿ ಖರ್ಚಾಗುತ್ತದೆ. ಆಗ ಒಬ್ಬ ವಿದ್ಯಾರ್ಥಿಯ ಮೇಲೆ ಬೀಳುವ ತಲಾ ಖರ್ಚು 20,000 ರೂಪಾಯಿ. ಆದರೆ ಆ ಕಾಲೇಜು ಪಡೆಯುವ ಶುಲ್ಕ 5,000 ರೂಪಾಯಿ ಮಾತ್ರ. ಉಳಿದ 15,000 ರೂಪಾಯಿಯನ್ನು ಯಾರೋ ಕೊಟ್ಟಿದ್ದಾರೆ. ಕೊಟ್ಟವರ ಹೆಸರು ರಸೀದಿಯಲ್ಲಿ ಇರುವುದಿಲ್ಲ.

ಶುಲ್ಕ ಮತ್ತು ಖರ್ಚು ಒಂದೇ ಅಲ್ಲ. ಅವೆರಡರ ನಡುವೆ ಸದಾ ಒಂದು ಅಂತರವಿರುತ್ತದೆ. ಕಾಲೇಜು ಶಿಕ್ಷಣದ ಇತಿಹಾಸವನ್ನು ಒಂದೇ ಪ್ರಶ್ನೆಯಲ್ಲಿ ಹಿಡಿಯುವುದಾದರೆ ಅದು ಹೀಗಿದೆ: ಈ ಅಂತರವನ್ನು ಯಾರು ತುಂಬಿದರು? ಕೆಲವೊಮ್ಮೆ ದಾನಿ ತುಂಬಿದ, ಕೆಲವೊಮ್ಮೆ ಸರ್ಕಾರ ತುಂಬಿತು. ನಮ್ಮ ಕರ್ನಾಟಕದಲ್ಲಿ ಕೆಲವು ವರ್ಷ ಅದನ್ನು ತುಂಬಿದವನು ಪಕ್ಕದ ಬೆಂಚಿನ ವಿದ್ಯಾರ್ಥಿ.

ಬೀದರಿನ ಮದರಸಾ

ಬೀದರಿಗೆ ಹೋದವರು ಮಹಮೂದ್ ಗವಾನರ ಮದರಸಾವನ್ನು ನೋಡಿಯೇ ಇರುತ್ತೀರಿ. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದ ಗವಾನರು ಬಹಮನಿ ರಾಜ್ಯದ ವಜೀರರಾದರು. 1472ರಲ್ಲಿ ಮೂರು ಅಂತಸ್ತಿನ ಈ ವಿದ್ಯಾಲಯವನ್ನು ಕಟ್ಟಿಸಿದರು. ಅಲ್ಲಿ ಸುಮಾರು 3,000 ಗ್ರಂಥಗಳ ಭಂಡಾರವಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಪಾಠದ ಕೋಣೆಗಳ ಜೊತೆಗೆ ವಿದ್ಯಾರ್ಥಿಗಳೂ ಅಧ್ಯಾಪಕರೂ ವಾಸಿಸುವ ಕೋಣೆಗಳು ಅಲ್ಲಿದ್ದವು. ದೂರದಿಂದ ಬಂದ ವಿದ್ಯಾರ್ಥಿಗೆ ಪಾಠವೂ ಊಟವೂ ವಸತಿಯೂ ಉಚಿತವಾಗಿತ್ತು.

ಉಚಿತ ಎಂದರೆ ಖರ್ಚಿಲ್ಲವೆಂದು ಅರ್ಥವಲ್ಲ. ವಿದ್ಯಾರ್ಥಿಯಿಂದ ಪಡೆದ ಶುಲ್ಕ ಸೊನ್ನೆ, ಆದರೆ ಅವನ ಮೇಲೆ ಆದ ಖರ್ಚು ಬಹಳ. ಇಡೀ ಅಂತರವನ್ನು ದಾನಿಯೇ ತುಂಬಿದ. ಹಳೆಯ ಕಾಲದ ಮದರಸಾಗಳಿಗೂ ಮಠ, ಅಗ್ರಹಾರಗಳಿಗೂ ಇದೇ ಪದ್ಧತಿ ಇತ್ತು. ಜಮೀನು, ಅಂಗಡಿ, ತೋಟಗಳನ್ನು ವಕ್ಫ್ ಆಗಿಯೋ ದತ್ತಿಯಾಗಿಯೋ ಬಿಟ್ಟುಕೊಡುತ್ತಿದ್ದರು, ಅದರ ಆದಾಯದಿಂದ ವಿದ್ಯಾಲಯ ನಡೆಯುತ್ತಿತ್ತು. ಈ ಪದ್ಧತಿಯ ಬಲ ದಾನಿಯ ಔದಾರ್ಯದಲ್ಲಿತ್ತು, ದೌರ್ಬಲ್ಯವೂ ಅಲ್ಲೇ ಇತ್ತು. ಗವಾನರನ್ನು 1481ರಲ್ಲಿ ಸುಳ್ಳು ಆರೋಪದ ಮೇಲೆ ಕೊಲ್ಲಲಾಯಿತು. ಒಬ್ಬನ ಕೈಯನ್ನೇ ನಂಬಿ ನಿಂತ ವಿದ್ಯಾಲಯಕ್ಕೆ ಆ ಕೈ ಹೋದ ಮೇಲೆ ಯಾರು ಗತಿ ಎಂಬ ಪ್ರಶ್ನೆಗೆ ಆ ಕಾಲದಲ್ಲಿ ಉತ್ತರವಿರಲಿಲ್ಲ.

ಅಲೀಗಢದ ಚಂದಾ

ಬ್ರಿಟಿಷರ ಕಾಲದಲ್ಲಿ ಲೆಕ್ಕದ ರೀತಿ ಬದಲಾಯಿತು. 1854ರ ವುಡ್ ಅವರ ವರದಿ ಖಾಸಗಿ ಶಾಲೆಗಳಿಗೆ ಸರ್ಕಾರದಿಂದ ಸಹಾಯಧನ ಕೊಡುವ ಪದ್ಧತಿಯನ್ನು ತಂದಿತು. ಆದರೆ ಸಹಾಯಧನ ಬೇಕಾದರೆ ವಿದ್ಯಾರ್ಥಿಗಳಿಂದ ಅಲ್ಪವಾದರೂ ಶುಲ್ಕ ಪಡೆಯಲೇಬೇಕು ಎಂಬ ಷರತ್ತು ಅದರಲ್ಲಿತ್ತು. ಹೀಗೆ ಶುಲ್ಕ, ಸಹಾಯಧನ, ದಾನ ಎಂಬ ಮೂರು ಕಾಲುಗಳ ಮೇಲೆ ಕಾಲೇಜು ನಿಲ್ಲತೊಡಗಿತು.

ಸರ್ ಸೈಯದ್ ಅಹಮದ್ ಖಾನರು 1875ರ ಮೇ 24ರಂದು ಅಲೀಗಢದಲ್ಲಿ ಶಾಲೆ ಆರಂಭಿಸಿದರು. 1877ರ ಜನವರಿ 8ರಂದು ವೈಸ್‌ರಾಯ್ ಲಾರ್ಡ್ ಲಿಟ್ಟನ್ ಕಾಲೇಜಿಗೆ ಅಡಿಗಲ್ಲು ಹಾಕಿದರು. ಶುಲ್ಕದಿಂದ ಬರುವ ಹಣ ಆ ಕಾಲೇಜಿನ ಖರ್ಚಿಗೆ ಎಂದೂ ಸಾಲುತ್ತಿರಲಿಲ್ಲ. ಆದ್ದರಿಂದ ಸರ್ ಸೈಯದರು ಊರೂರು ಸುತ್ತಿ ಚಂದಾ ಎತ್ತಿದರು, ಲಾಟರಿ ನಡೆಸಿದರು, ಪುಸ್ತಕ ಮಾರಿದರು, ಕೊನೆಗೆ ವಯಸ್ಸಾದ ಮೇಲೆ ರಂಗದ ಮೇಲೂ ನಿಂತರು. ಅವಮಾನ ಮಾಡಿದವರಿಂದಲೂ ದುಡ್ಡು ಪಡೆದು ಬಂದರು ಎಂದು ಜನ ಇಂದಿಗೂ ಹೇಳುತ್ತಾರೆ. ದಾನ ಕೊಟ್ಟವರಲ್ಲಿ ಮುಸ್ಲಿಮರು ಮಾತ್ರವಲ್ಲ, ಹಿಂದೂ ರಾಜರೂ ಸಿಖ್ ಮಹಾರಾಜರೂ ಇಂಗ್ಲಿಷ್ ಅಧಿಕಾರಿಗಳೂ ಇದ್ದರು. ಅವರ ಹೆಸರುಗಳನ್ನು ಕಾಲೇಜಿನ ಗೋಡೆಗಳ ಕಲ್ಲುಗಳಲ್ಲಿ ಕೆತ್ತಿಸಲಾಯಿತು. ರಸೀದಿಯಲ್ಲಿ ಇಲ್ಲದ ಹೆಸರು ಗೋಡೆಯ ಮೇಲಾದರೂ ಇರಲಿ ಎಂಬಂತೆ!

ವಿದ್ಯಾರ್ಥಿ ಮಿತ್ರರೇ, ನಿಮಗಾಗಿ ಇಲ್ಲಿ ಒಂದು ವಿಶೇಷ ಸಂಗತಿಯಿದೆ. 1890ರ ಸುಮಾರಿಗೆ ಆ ಕಾಲೇಜಿನ ವಿದ್ಯಾರ್ಥಿಗಳೇ 'ಅಂಜುಮನ್‌ ಉಲ್ ಫರ್ಜ್' ಎಂಬ ಸಂಘ ಕಟ್ಟಿದರು. ಫರ್ಜ್ ಎಂದರೆ ಕರ್ತವ್ಯ. ಸಾಹಿಬ್‌ಜಾದಾ ಅಫ್ತಾಬ್ ಅಹಮದ್ ಖಾನ್ ಅದರ ಮುಂದಾಳು. ರಜೆಗೆ ಊರಿಗೆ ಹೋದ ಹುಡುಗರು ಮನೆಮನೆಗೆ ಹೋಗಿ ಚಂದಾ ಕೂಡಿಸಿ ತಂದು, ಫೀಸು ಕಟ್ಟಲಾಗದ ಸಹಪಾಠಿಗಳಿಗೆ ನೆರವಾಗುತ್ತಿದ್ದರು. ತಮ್ಮ ಓದಿನ ಖರ್ಚಿನ ಬಹುಪಾಲನ್ನು ಬೇರೆ ಯಾರೋ ಕೊಡುತ್ತಿದ್ದಾರೆ ಎಂದು ಅರಿತ ಹುಡುಗರು ತಾವೂ ಇನ್ನೊಬ್ಬರ ಪಾಲನ್ನು ಹೊರಲು ಮುಂದಾದರು.

ಇದೇ ಕಾಲೇಜು ಇನ್ನೊಂದು ಪಾಠವನ್ನೂ ಕಲಿಸಿದೆ. 1895ರಲ್ಲಿ ಕಚೇರಿಯ ಮುಖ್ಯ ಗುಮಾಸ್ತ ಕಾಲೇಜಿನ ಲಕ್ಷಕ್ಕೂ ಹೆಚ್ಚು ರೂಪಾಯಿಯನ್ನು ದುರುಪಯೋಗ ಮಾಡಿದ್ದು ಬಯಲಾಯಿತು. ಆಗಿನ ಕಾಲಕ್ಕೆ ಅದು ಅಪಾರ ಮೊತ್ತ. ಮೂರು ವರ್ಷಗಳ ನಂತರ, 1898ರಲ್ಲಿ, ಸರ್ ಸೈಯದರು ತೀರಿಕೊಂಡಾಗ ಕಾಲೇಜಿನ ಹಣಕಾಸು ಚಿಂತಾಜನಕವಾಗಿತ್ತು. ನಾಯಕ ಎಷ್ಟೇ ಪ್ರಾಮಾಣಿಕನಾಗಿದ್ದರೂ ಲೆಕ್ಕಪತ್ರದ ತಪಾಸಣೆ ಇಲ್ಲದಿದ್ದರೆ ಸಮಾಜದ ಹಣಕ್ಕೆ ರಕ್ಷಣೆಯಿಲ್ಲ.

ಸರ್ಕಾರವೇ ಹೊತ್ತ ಭಾರ

ಸ್ವಾತಂತ್ರ್ಯಾನಂತರ ಅಂತರವನ್ನು ತುಂಬುವ ಹೊಣೆ ಹೆಚ್ಚಾಗಿ ಸರ್ಕಾರದ ಮೇಲೆ ಬಂತು. 1950ರ ಆಸುಪಾಸಿನಲ್ಲಿ ದೇಶದ ಉನ್ನತ ಶಿಕ್ಷಣದ ಆದಾಯದಲ್ಲಿ ಶುಲ್ಕದ ಪಾಲು ಮೂರನೇ ಒಂದಕ್ಕಿಂತ ಹೆಚ್ಚಿತ್ತು. 1980ರ ದಶಕದ ಹೊತ್ತಿಗೆ ಅದು ಆರನೇ ಒಂದಕ್ಕಿಂತಲೂ ಕೆಳಗಿಳಿಯಿತು. ಅಧ್ಯಾಪಕರ ಸಂಬಳ ಏರುತ್ತಾ ಹೋಯಿತು, ಶುಲ್ಕ ಮಾತ್ರ ಇದ್ದಲ್ಲೇ ಇತ್ತು. ಅನುದಾನಿತ ಕಾಲೇಜುಗಳಲ್ಲಿ ಅಂಗೀಕೃತ ಹುದ್ದೆಗಳ ಸಂಬಳವನ್ನು ಖಜಾನೆಯೇ ಕೊಡುತ್ತಿತ್ತು. ನಮ್ಮ ದರ್ಜಿ ಸಾಹೇಬರ ಹಿರಿಯ ಮಗನ ರಸೀದಿ ಚಿಕ್ಕದಾಗಿರಲು ಕಾರಣ ಇದೇ. ಪಾಠ ಕಡಿಮೆಯಲ್ಲ, ಖರ್ಚೂ ಕಡಿಮೆಯಲ್ಲ, ಕೊಡುವವರು ಬೇರೆ.

ಆ ಕೊಡುವವರು ಯಾರು? ಬೆಂಕಿಪೊಟ್ಟಣದಿಂದ ಹಿಡಿದು ಬಟ್ಟೆಯವರೆಗೆ ಏನನ್ನು ಕೊಂಡರೂ ತೆರಿಗೆ ಕಟ್ಟುವ ಪ್ರತಿಯೊಬ್ಬ ನಾಗರಿಕ. ಕಾಲೇಜಿನ ಮೆಟ್ಟಿಲು ಹತ್ತದ ಕೂಲಿಕಾರನೂ ಅದರಲ್ಲಿ ಸೇರಿದ್ದಾನೆ. ಆದ್ದರಿಂದಲೇ ಒಂದು ವಾದ ಹುಟ್ಟಿತು. ಕಾಲೇಜಿಗೆ ಬರುವವರಲ್ಲಿ ಉಳ್ಳವರ ಮಕ್ಕಳೇ ಹೆಚ್ಚಿರುವಾಗ ಅವರ ಖರ್ಚನ್ನು ಬಡವನ ತೆರಿಗೆಯಿಂದ ಏಕೆ ತುಂಬಬೇಕು? ವಿಶ್ವವಿದ್ಯಾಲಯ ಧನಸಹಾಯ ಆಯೋಗ ನೇಮಿಸಿದ ನ್ಯಾಯಮೂರ್ತಿ ಪುನ್ನಯ್ಯ ಸಮಿತಿ 1993ರಲ್ಲಿ ಒಂದು ಮಧ್ಯದ ದಾರಿ ಸೂಚಿಸಿತು. ವಿಶ್ವವಿದ್ಯಾಲಯಗಳು ತಮ್ಮ ಆವರ್ತಕ ಖರ್ಚಿನ ಶೇ. 15ರಷ್ಟನ್ನು ಐದು ವರ್ಷಗಳಲ್ಲಿ, ಶೇ. 25ರಷ್ಟನ್ನು ಹತ್ತು ವರ್ಷಗಳಲ್ಲಿ ಸ್ವಂತ ಮೂಲಗಳಿಂದ ಕೂಡಿಸಿಕೊಳ್ಳಬೇಕು ಎಂಬುದು ಅದರ ಶಿಫಾರಸು. ಅಂದರೆ ಆಗಲೂ ಖರ್ಚಿನ ಮುಕ್ಕಾಲು ಪಾಲು ಸರ್ಕಾರದ್ದೇ ಎಂದು ಸಮಿತಿ ಒಪ್ಪಿತ್ತು.

ಮೂರು ಬಗೆಯ ಶುಲ್ಕ, ಒಂದೇ ತರಗತಿ

ಸರ್ಕಾರದ ಹಣಕ್ಕೆ ಮಿತಿಯಿತ್ತು, ಡಾಕ್ಟರು ಎಂಜಿನಿಯರು ಆಗಬೇಕೆಂಬ ಆಸೆಗೆ ಮಿತಿಯಿರಲಿಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಸರ್ಕಾರದ ಬದಲು ಪಾಲಕರ ಹಣದಿಂದಲೂ ವೈದ್ಯಕೀಯ ಕಾಲೇಜು ನಡೆಸಬಹುದು ಎಂದು ಅದು ತೋರಿಸಿತು. ಮುಂದಿನ ದಶಕಗಳಲ್ಲಿ ಕರ್ನಾಟಕದ ತುಂಬ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಎದ್ದು ನಿಂತವು. ಅವುಗಳಿಂದ ಆದ ಉಪಕಾರವನ್ನು ಮರೆಯಬಾರದು. ಇಲ್ಲದಿದ್ದರೆ ಹುಟ್ಟುತ್ತಲೇ ಇರದ ಎಷ್ಟೋ ಸೀಟುಗಳು ಹುಟ್ಟಿದವು. ಆದರೆ ಅದರೊಂದಿಗೆ 'ಡೊನೇಷನ್' ಎಂಬ ಶಬ್ದ ನಮ್ಮ ಮನೆಮಾತಾಯಿತು. ದಾನವೆಂದರೆ ಮನಸ್ಸಿನಿಂದ ಕೊಡುವುದು. ಇದು ಕೊಡದಿದ್ದರೆ ಸೀಟಿಲ್ಲವೆಂಬ ದಾನ!

ಇದನ್ನು ತಡೆಯಲು ಕರ್ನಾಟಕ ಸರ್ಕಾರ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯಿದೆಯನ್ನು ತಂದಿತು. ಆ ಕಾಯಿದೆಯ ಅಡಿಯಲ್ಲಿ 1989ರ ಜೂನ್ 5ರಂದು ಹೊರಟ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಹೀಗೆ ಗೊತ್ತುಮಾಡಿತು. ಸರ್ಕಾರಿ ಸೀಟಿನವರಿಗೆ 2,000 ರೂಪಾಯಿ. ಉಳಿದ ಕರ್ನಾಟಕದ ವಿದ್ಯಾರ್ಥಿಗಳಿಗೆ 25,000 ರೂಪಾಯಿ ಮೀರಬಾರದು. ಹೊರರಾಜ್ಯದವರಿಗೆ 60,000 ರೂಪಾಯಿ ಮೀರಬಾರದು.

ಸ್ವಲ್ಪ ನಿಂತು ಯೋಚಿಸಿ. ಮೂವರೂ ಒಂದೇ ತರಗತಿಯಲ್ಲಿ ಕೂರುತ್ತಾರೆ. ಒಂದೇ ಪಾಠ, ಒಂದೇ ಪ್ರಯೋಗಾಲಯ, ಒಂದೇ ಆಸ್ಪತ್ರೆ. ಮೂವರ ಮೇಲೂ ಕಾಲೇಜು ಮಾಡುವ ಖರ್ಚು ಒಂದೇ. ಆದರೆ ಒಬ್ಬರ ಶುಲ್ಕ ಇನ್ನೊಬ್ಬರ ಶುಲ್ಕದ 30 ಪಟ್ಟು! ಶುಲ್ಕಕ್ಕೂ ಖರ್ಚಿಗೂ ಸಂಬಂಧವೇ ಇಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಬೇಕಿಲ್ಲ.

ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದರು. ಮೊದಲ ವರ್ಷಕ್ಕೆ 60,000 ರೂಪಾಯಿ ಕಟ್ಟಿ, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಬೇಕೆಂಬ ಉತ್ತರ ಬಂತು. ತಂದೆಗೆ ಅಷ್ಟು ಶಕ್ತಿಯಿರಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1992ರ ಜುಲೈ 30ರಂದು ಬಂದ ತೀರ್ಪು ಐತಿಹಾಸಿಕವಾದದ್ದು. ಶಿಕ್ಷಣ ಪ್ರಜೆಯ ಹಕ್ಕು, ಕ್ಯಾಪಿಟೇಷನ್ ಶುಲ್ಕವೆಂದರೆ ಶಿಕ್ಷಣವನ್ನು ಮಾರಿದ ಬೆಲೆ, ಅದು ಕಾನೂನುಬಾಹಿರ ಎಂದು ನ್ಯಾಯಾಲಯ ಸಾರಿತು. ಆದರೆ ಆಕೆಯ ಆಯ್ಕೆ ಅಂಕಗಳ ಆಧಾರದ ಮೇಲೆ ಆಗಿರಲಿಲ್ಲ, ತರಗತಿಗಳೂ ಆಗಲೇ ಆರಂಭವಾಗಿದ್ದವು ಎಂಬ ಕಾರಣದಿಂದ ಆಕೆಗೆ ಆ ಸೀಟು ಸಿಗಲಿಲ್ಲ. ದೇಶಕ್ಕೆ ಹಕ್ಕು ದೊರಕಿಸಿಕೊಟ್ಟವರು ತಾವು ಬರಿಗೈಯಲ್ಲಿ ಮನೆಗೆ ಹೋದರು.

ಪಕ್ಕದ ಬೆಂಚಿನವನು ಕೊಟ್ಟ ಹಣ

ಮರುವರ್ಷ, 1993ರ ಫೆಬ್ರವರಿ 4ರಂದು, ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಒಂದು ಹೊಸ ಯೋಜನೆಯನ್ನು ರೂಪಿಸಿತು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಅರ್ಧ 'ಫ್ರೀ ಸೀಟು', ಅರ್ಧ 'ಪೇಮೆಂಟ್ ಸೀಟು'. ಫ್ರೀ ಸೀಟಿನವರು ಸರ್ಕಾರಿ ಕಾಲೇಜಿನಷ್ಟೇ ಶುಲ್ಕ ಕೊಟ್ಟರೆ ಸಾಕು. ಪೇಮೆಂಟ್ ಸೀಟಿನವರು ತಮ್ಮ ಖರ್ಚನ್ನೂ ಫ್ರೀ ಸೀಟಿನವರ ಕೊರತೆಯನ್ನೂ ತುಂಬಬೇಕು. ಇದರ ಬೆನ್ನಲ್ಲೇ, 1994ರಿಂದ, ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಪರೀಕ್ಷೆ ಆರಂಭವಾಯಿತು. ನಮ್ಮ ಸಮಾಜದ ಅನೇಕ ಪ್ರತಿಭಾವಂತರು ಆ ದಾರಿಯಲ್ಲಿ ಡಾಕ್ಟರು ಎಂಜಿನಿಯರು ಆದದ್ದನ್ನು ನಾವು ಕಂಡಿದ್ದೇವೆ.

ಯೋಜನೆಯ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಲೆಕ್ಕದಲ್ಲಿ ಒಂದು ತೊಡಕಿತ್ತು. ಪೇಟೆಯ ಒಳ್ಳೆಯ ಇಂಗ್ಲಿಷ್ ಶಾಲೆಯಲ್ಲಿ ಓದಿ, ಟ್ಯೂಷನ್ ಪಡೆದ ಶ್ರೀಮಂತರ ಮಗ ಹೆಚ್ಚು ಅಂಕ ಗಳಿಸಿ ಫ್ರೀ ಸೀಟು ಪಡೆಯುತ್ತಿದ್ದ. ಹಳ್ಳಿಯ ಶಾಲೆಯಲ್ಲಿ ಓದಿ ಸ್ವಲ್ಪದರಲ್ಲಿ ಹಿಂದೆ ಬಿದ್ದವನ ತಂದೆ ಹೊಲ ಅಡವಿಟ್ಟು ಪೇಮೆಂಟ್ ಸೀಟು ಕೊಡಿಸಬೇಕಿತ್ತು. ಅಂದರೆ ಎಷ್ಟೋ ಕಡೆ ಬಡವನೇ ಉಳ್ಳವನ ಫೀಸು ಕಟ್ಟಿದಂತಾಯಿತು. 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಈ ಅನ್ಯಾಯವನ್ನು ಗುರುತಿಸಿ ಆ ಯೋಜನೆಯನ್ನು ತಳ್ಳಿಹಾಕಿತು.

ಆ ತೀರ್ಪಿನ ಸಾರ ಇಷ್ಟು: ಅನುದಾನ ಪಡೆಯದ ಸಂಸ್ಥೆ ತನ್ನ ಶುಲ್ಕವನ್ನು ತಾನೇ ನಿಗದಿ ಮಾಡಬಹುದು, ಸಂಸ್ಥೆಯ ಬೆಳವಣಿಗೆಗಾಗಿ ಮಿತವಾದ ಉಳಿತಾಯವನ್ನೂ ಮಾಡಬಹುದು. ಆದರೆ ಲಾಭಕೋರತನ ಕೂಡದು, ಕ್ಯಾಪಿಟೇಷನ್ ಶುಲ್ಕ ಕೂಡದು. ಅಲ್ಪಸಂಖ್ಯಾತರ ಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ಸಂವಿಧಾನದ 30ನೇ ವಿಧಿ ನಮಗೆ ವಿದ್ಯಾಸಂಸ್ಥೆ ಕಟ್ಟುವ ಹಕ್ಕು ಕೊಟ್ಟಿದೆ, ವಿದ್ಯೆ ಮಾರುವ ಹಕ್ಕು ಕೊಟ್ಟಿಲ್ಲ.

ಹಾಗಾದರೆ ಶುಲ್ಕ ಎಷ್ಟಿರಬೇಕೆಂದು ಪರೀಕ್ಷಿಸುವವರು ಯಾರು? 2003ರ ಆಗಸ್ಟ್ 14ರಂದು, ಮತ್ತೆ ಕರ್ನಾಟಕದ್ದೇ ಆದ ಇಸ್ಲಾಮಿಕ್ ಅಕಾಡೆಮಿ ಮೊಕದ್ದಮೆಯಲ್ಲಿ, ನಿವೃತ್ತ ಹೈಕೋರ್ಟ್ ನ್ಯಾಯಾಧೀಶರ ನೇತೃತ್ವದಲ್ಲಿ ಪ್ರತಿ ರಾಜ್ಯದಲ್ಲೂ ಶುಲ್ಕ ಸಮಿತಿ ಇರಬೇಕೆಂದು ನ್ಯಾಯಾಲಯ ಹೇಳಿತು. ಕಾಲೇಜು ತನ್ನ ಲೆಕ್ಕಪತ್ರಗಳನ್ನು ಸಮಿತಿಯ ಮುಂದಿಟ್ಟು ಶುಲ್ಕವನ್ನು ಸಮರ್ಥಿಸಿಕೊಳ್ಳಬೇಕು. 2005ರ ಇನಾಂದಾರ್ ತೀರ್ಪಿನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಈ ಸಮಿತಿಗಳನ್ನು ಉಳಿಸಿಕೊಂಡಿತು. ಕರ್ನಾಟಕ 2006ರಲ್ಲಿ ಇದಕ್ಕಾಗಿ ಕಾಯಿದೆಯನ್ನೇ ಮಾಡಿತು. ಮುಂದೆ 2022ರ ನವೆಂಬರ್‌ನಲ್ಲಿ, ಆಂಧ್ರಪ್ರದೇಶದಲ್ಲಿ ವೈದ್ಯಕೀಯ ಶುಲ್ಕವನ್ನು ಏಳು ಪಟ್ಟು ಏರಿಸಿ ವರ್ಷಕ್ಕೆ 24 ಲಕ್ಷ ರೂಪಾಯಿ ಮಾಡಿದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಶಿಕ್ಷಣ ಲಾಭದ ವ್ಯಾಪಾರವಲ್ಲ ಎಂದು ಮತ್ತೊಮ್ಮೆ ನೆನಪಿಸಿತು.

ನಾವು ಮಾಡಬೇಕಾದದ್ದು

ಓದುಗ ಮಹನೀಯರೇ, ಬೀದರಿನಿಂದ ಇಲ್ಲಿಯವರೆಗಿನ ಈ ಸುಮಾರು 550 ವರ್ಷಗಳ ಕಥೆಯಲ್ಲಿ ಒಂದು ಮಾತು ಸ್ಪಷ್ಟ. ರಸೀದಿಯ ಮೊತ್ತವನ್ನು ಮಾತ್ರ ನೋಡಿ ಕಾಲೇಜಿನ ಯೋಗ್ಯತೆ ಅಳೆಯಬೇಡಿ. ಶುಲ್ಕ ಕಡಿಮೆಯಿದ್ದರೆ ಯಾರೋ ನಿಮ್ಮ ಪಾಲನ್ನು ಹೊರುತ್ತಿದ್ದಾರೆ ಎಂದು ತಿಳಿಯಿರಿ. ಶುಲ್ಕ ಹೆಚ್ಚಿದ್ದರೆ, ಅದರಲ್ಲಿ ಎಷ್ಟು ನಿಮ್ಮ ಮಗುವಿನ ಪಾಠಕ್ಕೆ ಖರ್ಚಾಗುತ್ತದೆ ಎಂದು ಕೇಳಿರಿ. ಪೂರ್ಣಕಾಲಿಕ ಉಪನ್ಯಾಸಕರು ಎಷ್ಟು ಮಂದಿ? ಪ್ರಯೋಗಾಲಯ ಕೆಲಸ ಮಾಡುತ್ತಿದೆಯೇ? ಗ್ರಂಥಾಲಯಕ್ಕೆ ಈ ವರ್ಷ ಹೊಸ ಪುಸ್ತಕ ಬಂದಿದೆಯೇ? ಈ ಶುಲ್ಕ ಸಮಿತಿ ಒಪ್ಪಿದ್ದೇ, ಅದಕ್ಕೆ ಪೂರ್ಣ ರಸೀದಿ ಕೊಡುತ್ತೀರಾ? ಹೀಗೆ ಕೇಳುವುದು ಉದ್ಧಟತನವಲ್ಲ. ನ್ಯಾಯಾಲಯಗಳು ಹತ್ತು ಹದಿನೈದು ವರ್ಷ ಹೆಣಗಿ ನಮಗೆ ಕೊಟ್ಟ ಹಕ್ಕು.

ಸಂಸ್ಥೆಯ ಸದಸ್ಯರಲ್ಲಿಯೂ ಒಂದು ವಿನಂತಿ. ನಾವು ವಿದ್ಯಾರ್ಥಿವೇತನ ಕೊಡುವಾಗ ಫೀಸಿನ ಒಂದು ಪಾಲು ಕಟ್ಟಿದೆವು ಎಂದು ಸಮಾಧಾನಪಡುತ್ತೇವೆ. ಅದರ ಜೊತೆಗೆ ನಮ್ಮದೇ ಶಾಲೆಗಳಲ್ಲಿ ಒಂದು ಮಗುವಿಗೆ ವರ್ಷಕ್ಕೆ ತಲಾ ಎಷ್ಟು ಖರ್ಚಾಗುತ್ತದೆ, ಎಷ್ಟು ಶುಲ್ಕ ಬರುತ್ತದೆ, ಉಳಿದದ್ದನ್ನು ಯಾರು ಕೊಟ್ಟರು ಎಂಬ ಮೂರು ಸಾಲಿನ ಲೆಕ್ಕವನ್ನು ಪ್ರತಿವರ್ಷದ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ. ಅಲೀಗಢದ 1895ರ ಪಾಠವನ್ನು ಮರೆಯದಿರೋಣ. ಲೆಕ್ಕ ತೆರೆದಿಟ್ಟಾಗ ಪಾಲಕರಿಗೆ ನಂಬಿಕೆ ಬರುತ್ತದೆ, ದಾನಿಗೆ ಹುರುಪು ಬರುತ್ತದೆ, ಓದುವ ಮಗುವಿಗೆ ತನ್ನ ಮೇಲಿನ ಋಣ ತಿಳಿಯುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಫೀಸಿನ ರಸೀದಿಯನ್ನು ಜೋಪಾನವಾಗಿಡಿ. ಮುಂದೆ ನೌಕರಿ ಸಿಕ್ಕ ಮೊದಲ ವರ್ಷ ಅದನ್ನು ಹೊರತೆಗೆದು, ಅದರಲ್ಲಿ ಬರೆಯದೆ ಬಿಟ್ಟ ಆ ಇನ್ನೊಂದು ಮೊತ್ತವನ್ನು ನೆನೆಯಿರಿ. ಅದನ್ನು ಹಿಂದಿರುಗಿಸಲು ಕೊಟ್ಟವರು ಸಿಗಲಾರರು. ಆದರೆ ಪಡೆಯಬೇಕಾದ ಹುಡುಗನೋ ಹುಡುಗಿಯೋ ನಿಮ್ಮ ಬೀದಿಯಲ್ಲೇ ಇರುತ್ತಾರೆ.

ದರ್ಜಿ ಸಾಹೇಬರಿಗೆ ಕೆಲವು ತಿಂಗಳ ನಂತರ ಅವರ ಅಂಗಡಿಯಲ್ಲೇ ಕುಳಿತು ಇದನ್ನೆಲ್ಲ ವಿವರಿಸಿದೆ. ಹೊಲಿಗೆಯ ಯಂತ್ರ ನಿಲ್ಲಿಸಿ ಪೂರ್ತಿ ಕೇಳಿದರು. ನಂತರ, "ಹಂಗಾದ್ರೆ ದೊಡ್ಡವನ ಫೀಸನ್ನ ನಾನೊಬ್ಬನೇ ಕಟ್ತಾ ಇಲ್ಲ, ಊರೇ ಕಟ್ತಾ ಇದೆ. ಅವನಿಗೆ ಇದನ್ನ ಹೇಳಬೇಕು ಮಾಸ್ಟರ್ ಸಾಬ್" ಎಂದರು. ಆ ಮಾತನ್ನು ನಿಮಗೂ ಹೇಳಬೇಕೆನಿಸಿ ಇಷ್ಟು ಬರೆದಿದ್ದೇನೆ.